ಬಿಚ್ಚಿದ ತುಪ್ಪಟ

ಕತ್ತರಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಸರಕಾರಿ ಕಾಗದಗಳನ್ನು ಬಿಟ್ಟರೆ ಅದನ್ನು ಬಳಸಿದವರಿಲ್ಲ. ಸುತ್ತಲಿನ ಹನ್ನೊಂದು ಹಿಂಡುಗಳ ಉಣ್ಣೆ ಕತ್ತರಿಸುವವಳು ಅವಳೊಬ್ಬಳೇ ಆದ್ದರಿಂದ ಚಿಕ್ಕವರು ದೊಡ್ಡವರೆನ್ನದೆ, ಅವಳಿಗಿಂತ ಹತ್ತು ವರ್ಷ ಹಿರಿಯರೂ ಕೂಡ ಕತ್ತರಿಯಕ್ಕ ಎಂದೇ ಕರೆಯುತ್ತಾರೆ. ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ, "ಗಂಡಸನ್ನ ಅಲ್ಲಾಡದ ಹಾಗೆ ಹಿಡಿದು ಕೂರಿಸೋಕೆ ಆಗುತ್ತಾ? ಕುರಿಯೇ ವಾಸಿ" ಎನ್ನುತ್ತಿದ್ದಳು. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಎರಡನೇ ಸಲ ಕೇಳಿದವರು ಯಾರೂ ಇಲ್ಲ.

ಅವಳ ಕೆಲಸವನ್ನು ನಿಂತು ನೋಡಬೇಕು. ಕುರಿಯನ್ನು ಹಿಂಭಾಗದ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲುಗಳ ನಡುವೆ ಒರಗಿಸಿಕೊಂಡು, ಹೊಟ್ಟೆಯಿಂದ ಶುರುಮಾಡಿ ಒಂದು ಸುತ್ತು ಬಂದರೆ ಮೈಮೇಲಿನ ಉಣ್ಣೆಯೆಲ್ಲ ಒಂದೇ ತುಂಡಾಗಿ ಕಳಚಿಕೊಳ್ಳುತ್ತಿತ್ತು. ಆ ಇಡೀ ತುಪ್ಪಟವನ್ನು ನೆಲದ ಮೇಲೆ ಹರಡಿದರೆ ಕುತ್ತಿಗೆ ಇಲ್ಲಿ, ಬಾಲ ಅಲ್ಲಿ, ನಾಲ್ಕು ಕಾಲಿನ ಗುರುತು ನಾಲ್ಕು ಕಡೆ; ಕುರಿ ಈಗಷ್ಟೇ ಅಂಗಿ ಬಿಚ್ಚಿಟ್ಟು ಸ್ನಾನಕ್ಕೆ ಹೋದ ಹಾಗೆ. ಒಂದು ವರ್ಷ ಮಷೀನಿನವರು ಬಂದಿದ್ದರು. ಉಣ್ಣೆಯ ಜೊತೆಗೆ ಚರ್ಮದ ಚೂರನ್ನೂ ಪುಕ್ಕಟೆಯಾಗಿ ತೆಗೆದುಕೊಟ್ಟರು. ಹಿಂಡಿನವರು ಮರುವರ್ಷ ತಲೆ ಕೆರೆದುಕೊಳ್ಳುತ್ತ ಅವಳ ಬಾಗಿಲಿಗೇ ಬಂದರು. ಅವಳು ಒಂದು ವಾರ ಸತಾಯಿಸಿದಳು, ಆಮೇಲೆ ಹೋದಳು.

ಆದರೆ ಜನ ಅವಳನ್ನು ನಂಬಿದ್ದು ಕತ್ತರಿಗಿಂತ ಹೆಚ್ಚಾಗಿ ಅವಳ ಬೆರಳುಗಳನ್ನು. ಚಳಿಗಾಲದುದ್ದಕ್ಕೂ ಕುರಿಯ ಮೈಜಿಡ್ಡು ಚರ್ಮಕ್ಕೆ ಅಂಟಿ ಗಟ್ಟಿಯಾಗಿರುತ್ತದೆ. ಬಿಸಿಲು ಬಲಿತ ಹಾಗೆ ಅದು ಕರಗಿ ಉಣ್ಣೆಯೊಳಗೆ ಮೇಲಕ್ಕೇರುತ್ತದೆ, ಬುಡದಲ್ಲಿ ಹೊಸ ಉಣ್ಣೆ ಹುಟ್ಟಿ ಹಳೆಯದನ್ನು ಎತ್ತಿ ಹಿಡಿಯುತ್ತದೆ. ಆಗ ಕತ್ತರಿಸಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಕತ್ತರಿಯಕ್ಕ ಕುರಿಯ ಕುತ್ತಿಗೆಯ ಉಣ್ಣೆಯೊಳಗೆ ನಾಲ್ಕು ಬೆರಳು ಇಳಿಸಿ, ಕಣ್ಣು ಮುಚ್ಚಿ, "ಏರಿದೆ" ಅಥವಾ "ಏರಿಲ್ಲ" ಎನ್ನುತ್ತಿದ್ದಳು. ಅಷ್ಟೇ. ಆ ಒಂದು ಮಾತಿನ ಮೇಲೆ ಹನ್ನೊಂದು ಹಿಂಡುಗಳ ದಿನ ಗೊತ್ತಾಗುತ್ತಿತ್ತು. ಈ ವಿದ್ಯೆ ಅಪ್ಪನದು. ಕ್ಯಾಲೆಂಡರನ್ನು ಗೋಡೆಗೆ ಬಿಡು, ನೀನು ಕುರಿಯನ್ನೇ ಕೇಳು ಎಂದು ಅವನು ಅವಳ ಹದಿನೈದನೇ ವಯಸ್ಸಿನಲ್ಲಿ ಹೇಳಿದ್ದ. ನಲವತ್ತೊಂದು ವರ್ಷ ಅವಳು ಕುರಿಯನ್ನೇ ಕೇಳಿದಳು, ಕುರಿ ಒಂದು ಸಲವೂ ಸುಳ್ಳು ಹೇಳಲಿಲ್ಲ.

ಆ ವರ್ಷ ಚಳಿಗಾಲ ಮುಗಿಯುವುದಕ್ಕೆ ಇನ್ನೂ ಒಂದೂವರೆ ತಿಂಗಳಿರುವಾಗಲೇ ಸೆಕೆ ಶುರುವಾಯಿತು. ಮೂರು ವಾರ ಒಂದೇ ಸಮನೆ ಬಿಸಿಲು. ಜನ ಸ್ವೆಟರು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಗೋಧಿ ಅವಸರವಾಗಿ ಹೊಡೆ ಒಡೆದು ತೆನೆ ಹೊರಹಾಕಿತು. ಪಕ್ಕದ ತೋಟದಲ್ಲಿ ಪ್ಲಮ್ ಮರಗಳು ಒಂದು ಎಲೆಯೂ ಇಲ್ಲದೆ ಬೆಳ್ಳಗೆ ಹೂಬಿಟ್ಟು ನಿಂತವು. ಆ ತೋಟದವನನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ, ಒಮ್ಮೆ ಬಾಯಿ ತೆರೆದರೆ ಮುಚ್ಚುವ ಗುಂಡಿ ಅವನಿಗಿಲ್ಲ. ಅಂಥವನು ಕೂಡ ಹೂ ನೋಡಿ ಎರಡು ದಿನ ಮಾತು ಮರೆತಿದ್ದ.

ಅವಳ ತಮ್ಮನ ಹಿಂಡು ಇದ್ದದ್ದು ಅವಳ ಮನೆಯ ಹಿಂದೆಯೇ. ಅರವತ್ತೆರಡು ಹೆಣ್ಣು ಕುರಿ, ಎಲ್ಲವೂ ಗಬ್ಬ, ಈಯುವುದಕ್ಕೆ ಇನ್ನೊಂದು ತಿಂಗಳು. ಅಪ್ಪ ಬಿಟ್ಟುಹೋದ ಏಳು ಕುರಿಗಳಿಂದ ತಮ್ಮ ಹದಿನಾರು ವರ್ಷದಲ್ಲಿ ಕಟ್ಟಿದ ಹಿಂಡು ಅದು. ಅವನು ಸ್ವಭಾವತಃ ಪುಕ್ಕಲು. ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುವ ಜಾತಿ. ಆ ಪುಕ್ಕಲುತನದಿಂದಲೇ ಅವನ ಕುರಿಗಳು ಬದುಕಿದ್ದವು ಎಂದರೂ ತಪ್ಪಿಲ್ಲ. ಹೆಂಡತಿ ಅವನ ತದ್ವಿರುದ್ಧ, ಕೆಲಸ ಕಂಡರೆ ತೋಳೇರಿಸುವವಳು, ಮಾತು ಕಡಿಮೆ. ಇಬ್ಬರಿಗೂ ಅಕ್ಕನ ಮಾತೆಂದರೆ ಮುಗಿಯಿತು.

ಒಂದು ಭಾನುವಾರ ಕತ್ತರಿಯಕ್ಕ ಕೊಟ್ಟಿಗೆಗೆ ಹೋಗಿ ಸುಮ್ಮನೆ ಕರಿಕಿವಿಯ ಕುತ್ತಿಗೆಗೆ ಕೈ ಹಾಕಿದಳು. ಕರಿಕಿವಿ ಹಿಂಡಿನ ಮುಂದಾಳು, ಅಪ್ಪನ ಏಳು ಕುರಿಗಳಲ್ಲಿ ಒಂದರ ಮೊಮ್ಮಗಳು, ಅವಳ ಕೈ ಕಂಡರೆ ತಾನಾಗಿ ಕತ್ತು ಎತ್ತಿ ಕೊಡುವಂಥದ್ದು. ಬೆರಳು ಹೊರಗೆ ಬಂದಾಗ ಜಿಡ್ಡಿನಿಂದ ಹೊಳೆಯುತ್ತಿದ್ದವು.

"ಏರಿದೆ" ಎಂದಳು.

"ಇಷ್ಟು ಬೇಗನಾ?" ತಮ್ಮನ ಮುಖ ಸಣ್ಣದಾಯಿತು. "ಪ್ರತಿ ವರ್ಷ ಈದ ಮೇಲಲ್ವೇನಕ್ಕಾ ಮಾಡೋದು?"

"ಪ್ರತಿ ವರ್ಷ ಈದ ಮೇಲೆ ಏರ್ತಿತ್ತು. ಈ ವರ್ಷ ಮೊದಲೇ ಏರಿದೆ. ಈಗ ತೆಗೆದ್ರೆ ಮರಿಗಳಿಗೆ ಕೆಚ್ಚಲು ಬೇಗ ಸಿಗುತ್ತೆ. ಒಳ್ಳೇದೇ ಆಯ್ತು."

"ಮತ್ತೆ ಚಳಿ ಬಂದ್ರೆ?"

"ನಿನ್ನ ತಲೆ. ಬೆವರು ಒರೆಸಿಕೊಳ್ತಾ ಚಳಿ ಬಗ್ಗೆ ಕೇಳ್ತಾನೆ ನೋಡು."

ಇನ್ನೂ ಹತ್ತು ಕುರಿಗೆ ಕೈ ಹಾಕಿ ನೋಡಿದಳು. ಎಲ್ಲ ಕಡೆ ಜಿಡ್ಡು ಏರಿತ್ತು. ಹಾಗಾಗಿ ಸೋಮವಾರ ಕೊಟ್ಟಿಗೆಯಲ್ಲಿ ಟಾರ್ಪಾಲು ಹಾಸಿ ಕೆಲಸಕ್ಕೆ ಕೂತರು.

ಕತ್ತರಿಯಕ್ಕ ಕತ್ತರಿಸಿದಳು, ತಮ್ಮ ಕುರಿ ಹಿಡಿದು ಕೊಟ್ಟ, ಅವನ ಹೆಂಡತಿ ಒಂದೊಂದು ತುಪ್ಪಟವನ್ನೂ ಬೇರೆಬೇರೆಯಾಗಿ ಸುತ್ತಿ ಹುರಿಯಿಂದ ಕಟ್ಟಿ ಮೂಟೆಗೆ ತುಂಬಿದಳು. ಗಬ್ಬದ ಕುರಿಯೆಂದು ಕತ್ತರಿಯಕ್ಕ ಹೊಟ್ಟೆಯ ಹತ್ತಿರ ಅಂಗೈ ಅಡ್ಡವಿಟ್ಟು ನಾಜೂಕಾಗಿ ಸಾಗುತ್ತಿದ್ದಳು. ಒಳಗೆ ಮರಿ ಒದ್ದರೆ, "ತಾಳೋ, ನಿನ್ನ ಸರದಿ ಮುಂದಿನ ವರ್ಷ" ಎನ್ನುತ್ತಿದ್ದಳು. ಅಷ್ಟು ಸಂತೋಷದ ಮೂರು ದಿನಗಳನ್ನು ಆ ಕೊಟ್ಟಿಗೆ ಅದಕ್ಕೂ ಮುಂಚೆ ಕಂಡಿರಲಿಲ್ಲ.

ಮೂರನೆಯ ದಿನ, ಬುಧವಾರ ಬೆಳಿಗ್ಗೆ, ರೇಡಿಯೋ ಬೇಲಿ ದಾಟಿ ಬಂದ. ಕೈಯಲ್ಲಿ ಮೊಬೈಲು. ಇನ್ನೂ ಹದಿನೆಂಟು ಕುರಿ ಬಾಕಿ ಇದ್ದವು.

"ಅಕ್ಕಾ, ಇದರಲ್ಲಿ ನಾಳೆ ಗಾಳಿ ಮಳೆ ತೋರಿಸ್ತಾ ಇದೆ. ಚಳಿಯಂತೆ, ಜೋರಂತೆ. ಉಳಿದಿದ್ದು ಸ್ವಲ್ಪ ತಡೀರಿ."

ಕತ್ತರಿಯಕ್ಕ ತಲೆ ಎತ್ತಲಿಲ್ಲ. "ಅದರ ಮೈಯಲ್ಲಿ ಜಿಡ್ಡು ಏರಿದೆಯಾ ನೋಡು. ಏರಿದ್ರೆ ತಾ, ಅದನ್ನೂ ಕತ್ತರಿಸಿ ಕೊಡ್ತೀನಿ."

ತಮ್ಮ ಬಿದ್ದು ಬಿದ್ದು ನಕ್ಕ. ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ರೇಡಿಯೋ ಕೂಡ ನಕ್ಕ, ಮೊಬೈಲನ್ನು ಜೇಬಿಗೆ ಹಾಕಿಕೊಂಡು, ತನ್ನ ಹೂವಿನ ಬಗ್ಗೆ ಅರ್ಧ ಗಂಟೆ ಕೊರೆದು ಹೋದ. ಸಂಜೆಯ ಹೊತ್ತಿಗೆ ಹದಿನೆಂಟೂ ಮುಗಿದವು.

ಗುರುವಾರ ಬೆಳಿಗ್ಗೆ ಬೆಚ್ಚಗಿತ್ತು. ಕೊಟ್ಟಿಗೆಯ ಮೇವು ತಳ ಕಂಡಿತ್ತು, ಸೆಕೆಗೆ ಗುಡ್ಡದ ಇಳಿಜಾರಿನಲ್ಲಿ ಹೊಸ ಹುಲ್ಲು ಚಿಗುರಿತ್ತು. ತಮ್ಮ ಕುರಿಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿ, ಮಧ್ಯಾಹ್ನ ಊಟಕ್ಕೆ ಒಬ್ಬನೇ ಇಳಿದು ಬಂದ. ನಡೆದರೆ ಮುಕ್ಕಾಲು ಗಂಟೆಯ ದಾರಿ. ಗುಡ್ಡದ ಮೇಲೆ ಎದೆಮಟ್ಟದ ಒಂದು ಕಲ್ಲುಗೋಡೆ ಇದೆ, ಅದು ಬಿಟ್ಟರೆ ಮರೆ ಎನ್ನುವುದೇ ಇಲ್ಲ.

ಅವನು ಕೈ ತೊಳೆಯುವಾಗ ಗಾಳಿ ತಿರುಗಿತು. ಬಾಗಿಲು ಧಡಾರನೆ ಬಡಿದುಕೊಂಡಿತು. ಕತ್ತರಿಯಕ್ಕ ಅಂಗಳಕ್ಕೆ ಬಂದು ನಿಂತಳು, ಮೊದಲ ಹನಿ ಕೆನ್ನೆಗೆ ಬಿತ್ತು. ಅದು ಮಳೆಯ ಹನಿಯಲ್ಲ, ಮಂಜು ಅರ್ಧ ಕರಗಿ ಬಿದ್ದದ್ದು. ಹತ್ತೇ ನಿಮಿಷದಲ್ಲಿ ಉಸಿರು ಹೊಗೆಯಾಗಿ ಕಾಣತೊಡಗಿತು.

ಉಣ್ಣೆ ಇರುವ ಕುರಿಗೆ ಇಂಥ ಮಳೆ ಲೆಕ್ಕಕ್ಕೇ ಇಲ್ಲ. ಮೈ ಕೊಡವಿ ಮೇಯುತ್ತಿರುತ್ತದೆ. ಉಣ್ಣೆ ತೆಗೆದು ಎರಡು ವಾರವಾದರೂ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತದೆ. ನಿನ್ನೆ ಮೊನ್ನೆ ಬೆತ್ತಲೆಯಾದ ಕುರಿ, ಅದೂ ಹೊಟ್ಟೆಯಲ್ಲಿ ಮರಿ ಇಟ್ಟುಕೊಂಡದ್ದು, ನೆನೆದು ಗಾಳಿಗೆ ನಿಂತರೆ ಮೂರು ತಾಸು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ತಮ್ಮ ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವಷ್ಟರಲ್ಲಿ ಅವಳ ಕಣ್ಣು ಜಗಲಿಯ ಮೇಲಿದ್ದ ಮೂಟೆಗಳ ಮೇಲೆ ಬಿತ್ತು. ಏಳು ಮೂಟೆ. ಅರವತ್ತೆರಡು ತುಪ್ಪಟ, ಒಣಗಿದ್ದು, ಬೆಚ್ಚನೆಯದ್ದು, ಹುರಿ ಕಟ್ಟಿದ್ದು.

"ಇವನ್ನೂ ಹಾಕು."

"ಏನಕ್ಕಾ ಅದು, ಉಣ್ಣೆ ತಗೊಂಡು ಹೋಗಿ..."

"ಹಾಕು ಅಂದ್ನಲ್ಲ!"

ಮೂವರೂ ಸೇರಿ ಎಸೆದರು. ಮೇಲೆ ಟಾರ್ಪಾಲು ಮುಚ್ಚಿ, ಅದರ ಮೇಲೆ ಹೆಂಗಸರಿಬ್ಬರೂ ಕವುಚಿ ಮಲಗಿ ಗುಡ್ಡ ಹತ್ತಿದರು.

ಕುರಿಗಳೆಲ್ಲ ಕಲ್ಲುಗೋಡೆಯ ಬುಡಕ್ಕೆ ಒತ್ತಿಕೊಂಡು ನಿಂತಿದ್ದವು. ಒಂದೂ ಅರಚುತ್ತಿರಲಿಲ್ಲ. ಗುಲಾಬಿ ಬಣ್ಣದ ಮೈಗಳ ಮೇಲೆ ಅವಳ ಕತ್ತರಿಯ ಸಾಲುಗಳು ಇನ್ನೂ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ತನ್ನ ಕೈಕೆಲಸವನ್ನು ಅವಳು ಅಸಹ್ಯಪಟ್ಟು ನೋಡಿದ್ದು ಅದೇ ಮೊದಲು. ನಾಲ್ಕೈದು ಆಗಲೇ ಮೊಣಕಾಲೂರಿದ್ದವು. ಹಿಂದಿನವು ಬೆಚ್ಚಗಿನ ಜಾಗ ಹುಡುಕಿ ಮುಂದಿನವುಗಳ ಮೇಲೆ ಹತ್ತುತ್ತಿದ್ದವು. ಅಡಿಯಲ್ಲಿದ್ದವು ಚಳಿಗೆ ಮುಂಚೆ ಉಸಿರುಗಟ್ಟಿ ಸಾಯುವ ಹಾಗಿತ್ತು.

ಟ್ರೇಲರಿಗೆ ಹಿಡಿಯುವುದು ಹದಿನಾಲ್ಕು. ಅವಳ ತಮ್ಮ ಹಿಂಡಿನ ಮುಂದೆ ನಿಂತು, "ಯಾವುದನ್ನ ಹಾಕ್ಲಕ್ಕಾ? ನೀನೇ ಹೇಳು, ನೀನೇ ಹೇಳು" ಎಂದ.

ಆ ಹೊತ್ತಿನಲ್ಲೂ ಅವನು ಅವಳನ್ನೇ ಕೇಳಿದ. ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಒಂದೊಂದರ ಬಾಯೊಳಗೆ ಬೆರಳಿಟ್ಟು ನೋಡಿದಳು. ನಾಲಿಗೆ ಇನ್ನೂ ಬೆಚ್ಚಗಿದ್ದರೆ, "ಇದು." ತಣ್ಣಗಿದ್ದರೆ ಏನೂ ಹೇಳದೆ ಮುಂದಿನದಕ್ಕೆ ಹೋದಳು. ಬದುಕುವಂಥದ್ದನ್ನು ಮೊದಲು ಒಯ್ಯಬೇಕು. ಬೀಳುತ್ತಿರುವುದನ್ನು ಒಯ್ದರೆ ಎರಡೂ ಹೋಗುತ್ತವೆ. ಕರಿಕಿವಿ ಗೋಡೆಯ ಮೂಲೆಯಲ್ಲಿ ಮುಂಗಾಲು ಮಡಿಸಿತ್ತು. ಅವಳನ್ನು ಕಂಡು ಅಭ್ಯಾಸದಂತೆ ಕತ್ತು ಎತ್ತಿ ಕೊಟ್ಟಿತು. ಬಾಯಿಗೆ ಬೆರಳಿಟ್ಟಳು. ತಣ್ಣಗಿತ್ತು. ಅವಳು ಏನೂ ಹೇಳದೆ ಮುಂದಿನದಕ್ಕೆ ಹೋದಳು.

ಹದಿನಾಲ್ಕನ್ನು ಹೇರಿಕೊಂಡು ತಮ್ಮ ಇಳಿದ. ಹೆಂಗಸರಿಬ್ಬರೂ ಮೂಟೆ ಬಿಚ್ಚಿದರು. ತುಪ್ಪಟವನ್ನು ಹರಡಿ ಕುರಿಯ ಬೆನ್ನಿಗೆ ಹಾಕುವುದು, ಅದನ್ನು ಕಟ್ಟಿದ್ದ ಹುರಿಯಿಂದಲೇ ಎದೆಗೊಂದು ಹೊಟ್ಟೆಗೊಂದು ಗಂಟು ಬಿಗಿಯುವುದು. ಮರಗಟ್ಟಿದ ಬೆರಳಿಗೆ ಗಂಟು ಬೀಳುತ್ತಿರಲಿಲ್ಲ, ಹಲ್ಲಿನಲ್ಲಿ ಎಳೆದು ಬಿಗಿದರು. ಕೆಲವು ಕುರಿ ತಮ್ಮದೇ ವಾಸನೆಗೆ ಬೆದರಿ ಕೊಡವಿಬಿಟ್ಟವು. ಗಾಳಿ ಕೆಲವನ್ನು ಹಾಗೇ ಎತ್ತಿಕೊಂಡು ಹೋಯಿತು. ತಮ್ಮನ ಹೆಂಡತಿ ಗುಡ್ಡದ ತುಂಬ ಅವುಗಳ ಹಿಂದೆ ಓಡಿದಳು. ಯಾವುದು ಯಾವುದರದೆಂದು ನೋಡುವ ಹೊತ್ತಲ್ಲ ಅದು. ಆದರೂ ಕುತ್ತಿಗೆಯಲ್ಲಿ ಕಂದು ಮಚ್ಚೆ ಇದ್ದ ತುಪ್ಪಟವೊಂದು ಕೈಗೆ ಬಂದಾಗ ಕತ್ತರಿಯಕ್ಕ ಅದನ್ನು ಬೇರೆ ಯಾವುದಕ್ಕೂ ಹಾಕಲಿಲ್ಲ. ಮೂಲೆಗೆ ಹೋಗಿ ಕರಿಕಿವಿಗೆ ಹೊದಿಸಿ, ಮಚ್ಚೆ ಸರಿಯಾಗಿ ಕುತ್ತಿಗೆಗೆ ಬರುವಂತೆ ಎಳೆದು, ಕಟ್ಟಿದಳು. ಒಂದೇ ತುಂಡಾಗಿ ಬಿಚ್ಚಿದ್ದಕ್ಕೆ ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಮೊದಲ ಅರ್ಧ ಗಂಟೆ ಅದು ಕೆಲಸ ಮಾಡಿತು. ಕೆಲವು ಎದ್ದು ಕೂಡ ನಿಂತವು. "ಅಕ್ಕಾ, ಎದ್ವು, ಎದ್ವು!" ಎಂದು ತಮ್ಮನ ಹೆಂಡತಿ ಕೂಗಿದಳು. ಆಮೇಲೆ ಉಣ್ಣೆ ನೀರು ಕುಡಿಯತೊಡಗಿತು. ಮೈಮೇಲೆ ಬೆಳೆದ ಉಣ್ಣೆ ನೀರನ್ನು ಜಾರಿಸುತ್ತದೆ. ಕತ್ತರಿಸಿ ಮೇಲೆ ಹಾಕಿದ್ದು ಹಳೇ ಹಾಸಿಗೆಯ ಹಾಗೆ ಹೀರುತ್ತದೆ. ಒಂದೊಂದೂ ಕೊಡ ನೀರಿನಷ್ಟು ಭಾರವಾಗಿ, ಎದ್ದಿದ್ದವು ಮತ್ತೆ ಮೊಣಕಾಲೂರಿದವು. ಹೊದಿಸಿದ ಕೈಗಳೇ ಈಗ ಹುರಿ ಬಿಚ್ಚಿ ಎಳೆದು ಹಾಕಿದವು.

ತಮ್ಮ ಬೇಗ ಬರಲಿಲ್ಲ. ಟ್ರೇಲರಿನ ಚಕ್ರ ಇಳಿಜಾರಿನ ಕೆಸರಿನಲ್ಲಿ ಹೂತುಹೋಗಿತ್ತು. ರೇಡಿಯೋ ತನ್ನ ತೋಟ ಬಿಟ್ಟು ಬಂದು ಭುಜ ಕೊಟ್ಟು ಎತ್ತಿದನಂತೆ. ಇಬ್ಬರೂ ಮೇಲೆ ಬಂದಾಗ ಎರಡು ಗಂಟೆ ಕಳೆದಿತ್ತು. ನಲವತ್ತೆಂಟರಲ್ಲಿ ಒಂಬತ್ತಕ್ಕೆ ಉಸಿರಿತ್ತು. ಕರಿಕಿವಿಗೆ ಇರಲಿಲ್ಲ. ಅದರ ಮೈಮೇಲಿದ್ದದ್ದನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ.

ಕೊಟ್ಟಿಗೆಗೆ ಬಂದ ಇಪ್ಪತ್ತಮೂರು ಕೂಡ ಪೂರ್ತಿ ಉಳಿದವು ಎನ್ನುವಂತಿಲ್ಲ. ಮುಂದಿನ ಹತ್ತು ದಿನ ದಿನಕ್ಕೊಂದು ಎರಡು ಕಂದು ಹಾಕಿದವು, ಮರಿಗಳು ತಿಂಗಳು ತುಂಬದೆ ಸತ್ತು ಬಿದ್ದವು. ತಮ್ಮನ ಹೆಂಡತಿ ಬುಟ್ಟಿಯಲ್ಲಿ ಎತ್ತಿಕೊಂಡು ಹೋಗಿ ಹೂತು ಬಂದಳು, ಪ್ರತಿ ಸಲವೂ ಬೇರೆ ದಾರಿಯಲ್ಲಿ, ಕತ್ತರಿಯಕ್ಕನ ಕಿಟಕಿಗೆ ಕಾಣದ ಹಾಗೆ. ಕೊನೆಗೆ ಆರು ಮರಿ ಬದುಕಿದವು.

ಆ ಗುರುವಾರದ ಹಿಂದೆಯೇ ಎರಡು ದಿನ ಹಿಮ ಸುರಿದು ಗೋಧಿಯ ತೆನೆಗಳು ಕಾಳು ಕಟ್ಟುವ ಮೊದಲೇ ಬಿಳಿಚಿದವು. ಪ್ಲಮ್ ಹೂ ಕಂದಿ, ಸುಟ್ಟ ಕಾಗದದಂತೆ ಮರದಡಿ ರಾಶಿ ಬಿತ್ತು. ಆ ವರ್ಷ ತೋಟದಲ್ಲಿ ಒಂದು ಬುಟ್ಟಿ ಹಣ್ಣೂ ಇಲ್ಲ. ಒಂದು ದಿನ ರೇಡಿಯೋ ಬಂದು ಕತ್ತರಿಯಕ್ಕನ ಜಗಲಿಯ ತುದಿಯಲ್ಲಿ ಕೂತ. ಜಿಡ್ಡಿನ ಮಾತನ್ನು ಅವನು ಎತ್ತಲಿಲ್ಲ. ಜನ್ಮದಲ್ಲಿ ಅವನು ನುಂಗಿಕೊಂಡ ಒಂದೇ ಮಾತು ಅದಿರಬೇಕು.

"ಮರಗಳೇ ಮೋಸಹೋದ್ವಲ್ಲಕ್ಕಾ. ನೂರಾರು ಮರ. ಒಂದಕ್ಕೂ ಗೊತ್ತಾಗ್ಲಿಲ್ಲ. ನಿಮಗೆ ಹೇಗೆ ಗೊತ್ತಾಗ್ಬೇಕು?"

"ಮರಗಳು ತಮ್ಮ ಹೂ ಕಳಕೊಂಡ್ವು" ಎಂದಳು ಕತ್ತರಿಯಕ್ಕ. "ನಾನು ಕಳೆದದ್ದು ನನ್ನ ತಮ್ಮನದ್ದು."

ಅವನು ಎದ್ದು ಬೇಲಿ ದಾಟಿ ತೋಟಕ್ಕೆ ಹೋದ.

ಉಳಿದ ಹತ್ತು ಹಿಂಡಿನವರು ಆ ವರ್ಷವೂ ಕರೆದರು. ಹೋದಳು, ಕತ್ತರಿಸಿದಳು, ಒಂದೇ ತುಂಡಾಗಿಯೇ ತೆಗೆದಳು. ದಿನ ಮಾತ್ರ ಅವರವರೇ ಗೊತ್ತುಮಾಡಿಕೊಳ್ಳಬೇಕು ಎಂದು ಮೊದಲೇ ಹೇಳಿದ್ದಳು. ಯಾರಾದರೂ ಕುರಿ ತಂದು ಮುಂದೆ ನಿಲ್ಲಿಸಿದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ತಮ್ಮ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ವರ್ಷವಿಡೀ ಅನ್ನಲಿಲ್ಲ. ಮೊದಲಿನ ಹಾಗೇ ಬೆಳಿಗ್ಗೆ ಹಾಲು ತಂದಿಟ್ಟ, ಛಾವಣಿಯ ಹೆಂಚು ಸರಿಮಾಡಿಕೊಟ್ಟ, ಜ್ವರ ಬಂದಾಗ ಮಾತ್ರೆ ತಂದ. ಅವನು ಬಂದು ಹೋದ ಪ್ರತಿ ಸಲವೂ ಅವಳು ಒಳಗೆ ಹೋಗಿ ಕೂತು ಅಳುತ್ತಿದ್ದಳು.

ಮರುವರ್ಷ ಚಳಿಗಾಲದ ಕೊನೆಗೆ ಮತ್ತೆ ಸೆಕೆ ಬಂತು. ಒಂದು ವಾರ, ಎರಡು ವಾರ. ಪ್ಲಮ್ ಮೊಗ್ಗು ಬಿರಿಯಲು ಹವಣಿಸುತ್ತಿತ್ತು. ಮೂರನೆಯ ವಾರ ಒಂದು ಬೆಳಿಗ್ಗೆ ತಮ್ಮ ಕುರಿಯೊಂದನ್ನು ಹಗ್ಗ ಹಿಡಿದು ಅವಳ ಅಂಗಳಕ್ಕೆ ತಂದ. ಗುಡ್ಡದಿಂದ ಉಳಿದು ಬಂದದ್ದು. ಹುರಿ ಬಿಗಿದ ಗಾಯದ ಗೆರೆ ಎದೆಯಲ್ಲಿ ಇನ್ನೂ ಇತ್ತು. ಮತ್ತೆ ಗಬ್ಬವಾಗಿತ್ತು.

"ಕೈ ಹಾಕಿ ನೋಡಕ್ಕಾ."

"ನಾನು ನೋಡಲ್ಲ. ನೀನೇ ದಿನ ನೋಡ್ಕೋ."

"ಕೈ ಹಾಕು."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಜೀವಮಾನದಲ್ಲಿ ಅಕ್ಕನಿಗೆ ಎದುರಾಡದ ಆ ಪುಕ್ಕಲ ಅವಳ ಮಣಿಕಟ್ಟು ಹಿಡಿದು, ನಾಲ್ಕು ಬೆರಳನ್ನೂ ಕುರಿಯ ಕುತ್ತಿಗೆಯ ಉಣ್ಣೆಯೊಳಗೆ ಒತ್ತಿದ. ಅವಳ ಕಣ್ಣು ಅಭ್ಯಾಸದಿಂದ ಮುಚ್ಚಿಕೊಂಡವು. ಜಿಡ್ಡು ಬೆರಳ ಗಿಣ್ಣಿನವರೆಗೂ ಬಂತು.

"ಏರಿದೆ" ಎಂದಳು. "ಹೋದ ವರ್ಷವೂ ಹೀಗೇ ಏರಿತ್ತು. ಒಂದಿಷ್ಟೂ ವ್ಯತ್ಯಾಸ ಇಲ್ಲ."

"ಅಂದ್ರೆ? ಕತ್ತರಿಸೋದಾ, ಬೇಡ್ವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗಕ್ಕಾ?" ಮೂವತ್ತೊಂಬತ್ತು ಕುರಿ ಸತ್ತಾಗ ಬಾರದ ಸಿಟ್ಟು ಈಗ ಬಂದಿತ್ತು. "ನೀನೇ ಹೀಗಂದ್ರೆ ನಾನು ಯಾರನ್ನ ಕೇಳ್ಲಿ? ಯಾರಿದಾರೆ ನಂಗೆ ಕೇಳೋಕೆ?"

ಅವನು ಹಗ್ಗವನ್ನು ನೆಲಕ್ಕೆ ಬಿಸಾಡಿ ಅಂಗಳದ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಕುರಿ ಎಲ್ಲಿಗೂ ಹೋಗಲಿಲ್ಲ. ಕತ್ತರಿಯಕ್ಕ ನಿಂತಲ್ಲೇ ನಿಂತಿದ್ದಳು. ಅವನ ಹಿಡಿತ ಬಿಟ್ಟು ಎಷ್ಟೋ ಹೊತ್ತಾಗಿತ್ತು, ಅವಳ ಕೈ ಮಾತ್ರ ಇನ್ನೂ ಉಣ್ಣೆಯೊಳಗೇ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ಒಳಗೆ ಬೆಚ್ಚಗಿತ್ತು.